ಒಂಬತ್ತನೇ ತಿಂಗಳ ಹೊಟ್ಟೆ

ಗಾಂಧಿನಗರದ ಲಾಡ್ಜೊಂದರ ಹಿಂದೆ
ಕಾಸ್ಟ್ಯೂಮ್ ಗೋಡೌನು. ನನ್ನ ಮಿಷನ್ನಿನ ಪಕ್ಕ
ಮೊಳೆಗೆ ಸಾಲಾಗಿ ನೇತಾಡುತ್ತಿವೆ ಹೊಟ್ಟೆಗಳು:
ಮೂರು ತಿಂಗಳದ್ದು, ಐದರದ್ದು, ಏಳರದ್ದು,
ಬೆಲ್ಟು, ಹುಕ್ಕು, ಮೈಬಣ್ಣದ ಬನಿಯನ್ ಬಟ್ಟೆ.
ಟೀ ತರುವ ಹುಡುಗ ಒಂದೊಂದನ್ನೂ ತಟ್ಟಿ
ಕಲ್ಲಂಗಡಿ ಆರಿಸುವವನ ಹಾಗೆ ಕಿವಿಗೊಟ್ಟು
"ಇದು ಹಣ್ಣಾಗಿದೆ ಅಕ್ಕ" ಅನ್ನುತ್ತಾನೆ.

ಕಾಮಿಡಿ ಪಿಚ್ಚರು. ಆಗಷ್ಟೇ
ಪಿಯುಸಿಗೆ ಕಾಲಿಟ್ಟ ಹುಡುಗಿ ಬಸಿರು.
ಮಲ್ಲೇಶ್ವರದ ಗಂಡಹೆಂಡಿರು ಕೂಸು ಬೇಕೆಂದು
ಫೈಲು ಹಿಡಿದು ಬಂದು
ಹುಡುಗಿಯ ಮುಂದೆ ಇಂಟರ್‌ವ್ಯೂಗೆ ಕೂರುವುದು,
"ನನಗೆ ಜೋಗುಳ ಬರುತ್ತೆ" ಅಂತ ಗಂಡ ಎದ್ದು ನಿಂತು
ಗಾಬರಿಗೆ ಹದಿಮೂರರ ಮಗ್ಗಿ ಹೇಳಿಬಿಡುವುದು.
ಡೈರೆಕ್ಟರು ಕತೆ ಹೇಳುತ್ತಲೇ ನಕ್ಕು ನಕ್ಕು ಕೆಮ್ಮಿದ.
ನಾನೂ ನಕ್ಕೆ. ಬಾಯಲ್ಲಿ ಸೂಜಿಯಿತ್ತು,
ಹುಷಾರಾಗಿ ನಕ್ಕೆ.

"ಒಂಬತ್ತನೇದು ಸ್ವಲ್ಪ ಓವರ್ ಇರ್ಲಿ, ಮುನಿಲಕ್ಷ್ಮಕ್ಕ.
ಬಾಗಿಲಲ್ಲಿ ಹುಡುಗಿಗಿಂತ ಮುಂಚೆ ಹೊಟ್ಟೆ ಬರ್ಬೇಕು."
ಸ್ಪಂಜು ತುಂಬಿ ಕೊಟ್ಟೆ. ಇಂಚರಾ ಕಟ್ಟಿಕೊಂಡು ನಡೆದಳು,
ಪರೀಕ್ಷೆ ಮುಗಿದ ಮಕ್ಕಳ ನಡಿಗೆ, ಬರೀ ಗಾಳಿ.
"ಸೊಂಟಕ್ಕೆ ಕೈ ಇಡಮ್ಮ" ಅಂದರು.
ಫೋಟೋಕ್ಕೆ ನಿಂತವಳಂತೆ ಇಟ್ಟಳು.
ನಾನು ಹೊಲಿಗೆ ಬಿಚ್ಚಿ, ಸ್ಪಂಜು ಅರ್ಧ ಕಿತ್ತು,
ಶೆಟ್ಟರ ಅಂಗಡಿಯಿಂದ ರಾಗಿ ತರಿಸಿದೆ.
"ಎಷ್ಟು ಬರ್ಕೊಳ್ಳಲಿ?" ಅಂದ ಅಸಿಸ್ಟೆಂಟು.
"ಎರಡೂ ಮುಕ್ಕಾಲು ಕೇಜಿ."
"ಅಷ್ಟು ಕರೆಕ್ಟಾಗಾ?"
"ಅಂದಾಜು."

ಈಗ ಅವಳು ನಡೆದರೆ ನೆಲಕ್ಕೂ ಗೊತ್ತಾಗುತ್ತಿತ್ತು.
ಕೈ ತಾನೇ ಹೋಗಿ ಸೊಂಟ ಹಿಡಿಯಿತು.
ಒಂದು ಗಳಿಗೆ ಯಾರೂ ನಗಲಿಲ್ಲ. ಅಷ್ಟರಲ್ಲಿ
ಎಲ್ಲೋ ನೂಲು ಬಿಟ್ಟು ಸರಸರ ರಾಗಿ ಸುರಿದು
"ಡೆಲಿವರಿ! ಡೆಲಿವರಿ!" ಅಂತ ಲೈಟ್‌ಬಾಯ್ ಕೂಗಿ
ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು.
ನಾನು ಮಂಡಿಯೂರಿ, ವೈರುಗಳ ಸಂದಿಯಿಂದ
ಕಾಳು ಬಾಚಿದೆ. "ಬಿಡಿ ಅಕ್ಕ, ಬೇರೆ ತರ್ಸೋಣ" ಅಂದರು.

ನನ್ನ ಹದಿನಾರರಲ್ಲಿ ನಗುವವರಿರಲಿಲ್ಲ,
ಯಾರಿಗಾದರೂ ಕಂಡರಲ್ಲವೆ ನಗಲಿಕ್ಕೆ?
ಲಂಗದ ನೆರಿಗೆ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ,
ರವಿಕೆಯ ಬದಿಗೆ ತೇಪೆ ಕೊಟ್ಟು, ಆರು ತಿಂಗಳು.
ನಾನು ಹೊಲಿಗೆ ಕಲಿತದ್ದು ಹಾಗೆ.
ಆಮೇಲೆ ಕಂಟೋನ್ಮೆಂಟಿನ ಕಡೆಯದೊಂದು ಆಶ್ರಮ,
ಹೆಬ್ಬೆಟ್ಟಿಗೆ ನೀಲಿ ಶಾಯಿ. ಸಹಿ ಬರುತ್ತಿತ್ತು ನನಗೆ,
ಯಾರೂ ಕೇಳಲಿಲ್ಲ.
ಸಿಸ್ಟರು ತಕ್ಕಡಿಯ ಮುಳ್ಳು ನೋಡಿ
ಗಟ್ಟಿಯಾಗಿ ಓದಿದ ಅಂಕಿಯೊಂದೇ ನನ್ನ ಪಾಲಿಗೆ ಬಂತು.
ಅವರು ಕಾರಿನಲ್ಲಿ ಬಂದಿದ್ದರಂತೆ.
ಜೋಗುಳ ಬರುತ್ತಿತ್ತೋ, ಮಗ್ಗಿಯೋ.

ರಿಪೇರಿಗೆಂದು ಅದನ್ನು ಮನೆಗೆ ಒಯ್ದೆ.
ಮೆಜೆಸ್ಟಿಕ್ಕಿನಲ್ಲಿ ಪೀಣ್ಯದ ಬಸ್ಸು, ಕಿಟಕಿ ಸೀಟು,
ಮಡಿಲಲ್ಲಿಟ್ಟು ಸೆರಗು ಮುಚ್ಚಿದ್ದೆ.
ಕಂಡಕ್ಟರು ಫ್ರೀ ಟಿಕೆಟ್ಟು ಹರಿದು, ದನಿ ತಗ್ಗಿಸಿ,
"ಮೊಮ್ಮಗೂನಾ? ಮಲಗಿದೆಯಾ?"
"ಹ್ಞೂ. ಈಗ ಮಲಗ್ತು."
ಗೊರಗುಂಟೆಪಾಳ್ಯ ದಾಟಿದರೂ
ಕೈ ತಟ್ಟುತ್ತಲೇ ಇತ್ತು.

ಪಿಚ್ಚರು ಓಡಿತು. ಹೊಟ್ಟೆ ಬಾಗಿಲಲ್ಲಿ ಮೊದಲು ಬಂದಾಗ
ಥಿಯೇಟರಿನಲ್ಲಿ ಸಿಳ್ಳೆ. ಕೊನೆಗೆ ನನ್ನ ಹೆಸರೂ ಬಂತು,
ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ,
"ಲಕ್ಷ್ಮಕ್ಕ" ಅಂತಷ್ಟೇ. ಮುನಿ ಬಿಟ್ಟುಹೋಗಿತ್ತು.

ಲೆಕ್ಕದವನು ಹೊಟ್ಟೆಗಳನ್ನು ಎಣಿಸಿ ಒಳಗಿಟ್ಟ.
ರಾಗಿ ಕೇಳಲಿಲ್ಲ.
ಅಟ್ಟದ ಮೇಲಿನ ಸ್ಟೀಲ್ ಡಬ್ಬದಲ್ಲಿದೆ.
ಬೀಸಿಸಿ ಮುದ್ದೆ ಮಾಡಿಬಿಡೋಣ ಅಂತ
ಭಾನುವಾರ ಇಳಿಸುತ್ತೇನೆ, ಕೈಯಾಡಿಸುತ್ತೇನೆ,
ಮತ್ತೆ ಮೇಲಿಡುತ್ತೇನೆ.
ಅವಸರವೇನಿಲ್ಲ. ಬೇರೆ ಕಾಳಿನಂತಲ್ಲ ರಾಗಿ,
ಕತ್ತಲಲ್ಲಿ ಎಷ್ಟು ವರ್ಷ ಇಟ್ಟರೂ
ಹುಳ ಹಿಡಿಯುವುದಿಲ್ಲ.