ಮೂವತ್ತೆರಡನೇ ಫ್ಲಾಟಿಗೆ ಮುಂದೆ ಬರುವವರಿಗೆ

ಮೊದಲು ವಾಲ್ವು. ಸಿಂಕಿನ ಕೆಳಗೆ, ಎಡಕ್ಕೆ,
ಕಸದ ಬುಟ್ಟಿಯ ಹಿಂದೆ ಅಡಗಿದೆ.
ಏನೇ ಬಿಚ್ಚಿದರೂ ಅದನ್ನು ಮುಚ್ಚಿ ಬಿಚ್ಚಿ.
ನಾನು ಮರೆತು ನಲ್ಲಿ ಬಿಚ್ಚಿದ ದಿನ
ಕೆಳಮನೆಯ ಈಜಿಪ್ಟಿನ ಹೆಂಗಸು
ಬಕೆಟ್ಟು ಹಿಡಿದೇ ಮೇಲೆ ಬಂದಿದ್ದಳು,
ಬಾಯ ತುಂಬ ಅರಬ್ಬಿ.
ನನಗೆ ತಿಳಿಯದಿದ್ದುದೇ ಒಳ್ಳೆಯದಾಯಿತು.

ಟೆಫ್ಲಾನ್ ಟೇಪು ಸುತ್ತುವುದು ಪ್ರದಕ್ಷಿಣೆಯಂತೆ,
ಬಲಕ್ಕೆ, ಹತ್ತು ಸುತ್ತು.
ಎಡಕ್ಕೆ ಸುತ್ತಿದರೆ ಬಿಗಿ ಮಾಡುತ್ತ ಮಾಡುತ್ತ
ಅದೇ ಸುರುಳಿ ಬಿಚ್ಚಿಕೊಳ್ಳುತ್ತದೆ.

ಜೂನ್ ಬಂತೆಂದರೆ ಗೀಸರ್ ಆರಿಸಿ.
ಗುದೈಬಿಯಾದ ತಾರಸಿಗಳ ಮೇಲೆ
ಟ್ಯಾಂಕಿಗೆ ನೆರಳಿಲ್ಲ;
ನೀಲಿ ಚುಕ್ಕಿಯ ನಲ್ಲಿಯಲ್ಲಿ ಬರುವುದು
ಅನ್ನಕ್ಕೆ ಇಟ್ಟ ಎಸರು.
ಕೆಂಪು ಚುಕ್ಕಿ ತಿರುಗಿಸಿ ನೋಡಿ:
ಆರಿದ ಗೀಸರಿನ ಹೊಟ್ಟೆಯಲ್ಲಿ
ಇರುಳೆಲ್ಲ ಮನೆಯ ತಂಪಿಗೆ ತಣಿದ ನೀರು,
ಎರಡು ಬಕೆಟ್ಟು, ಅಷ್ಟೇ.
ದೀಪಾವಳಿಯ ತನಕ ಈ ಮನೆಯಲ್ಲಿ
ಕೆಂಪೇ ತಂಪು.
ಮೊದಲ ಬೇಸಗೆ ಇದು ಗೊತ್ತಿಲ್ಲದೆ
ಐಸು ಕೊಂಡು ತಂದು ಮಿಂದವಳು ನಾನು.

ಎ.ಸಿ. ತೊಟ್ಟಿಕ್ಕಿದರೆ
'ಗ್ಯಾಸು ಖಾಲಿ, ಹದಿನೈದು ದಿನಾರು' ಎನ್ನುತ್ತಾರೆ.
ತಡೆಯಿರಿ.
ಬಾಲ್ಕನಿಯಲ್ಲಿ ಬಿಳಿ ಪೈಪಿನ ತುದಿ ಇದೆ,
ಒಳಗೆ ಧೂಳು ಲೋಳೆಯಾಗಿ ಕೂತಿರುತ್ತದೆ.
ಸೈಕಲ್ ಪಂಪು ಹಚ್ಚಿ ಒತ್ತಿ.
ಪಂಪು ಬಿಟ್ಟು ಹೋಗುತ್ತಿದ್ದೇನೆ, ಬಾಗಿಲ ಹಿಂದೆ.
ಬಾಯಿಂದ ಎಳೆಯಬೇಡಿ. ನಮ್ಮ ಮನೆಯವರು ಎಳೆದಿದ್ದರು.
ಅದರ ಬಗ್ಗೆ ಇಷ್ಟು ಸಾಕು.

ಧೂಳುಗಾಳಿ ಬೀಸಿದ ಮರುದಿನ
ಜಾರುಬಾಗಿಲು ಹಲ್ಲು ಕಡಿಯುತ್ತದೆ.
ಹಳೇ ಬ್ರಶ್ಶಿನಿಂದ ಹಳಿ ಗುಡಿಸಿ, ಮೇಣದಬತ್ತಿ ಉಜ್ಜಿ.
ಎಣ್ಣೆ ಬೇಡ. ಎಣ್ಣೆ ಬಿಟ್ಟರೆ
ಮರಳಿಗೆ ಮಣೆ ಹಾಕಿ ಕೂರಿಸಿದ ಹಾಗೆ.

ಮಂಚದ ತಲೆಯ ಕಡೆ, ಗೋಡೆಯಲ್ಲಿ
ಒಂದು ತೇವದ ಕಲೆ.
ಪೇಂಟು ಹೊಡೆಸಿ ಮುಚ್ಚಬೇಡಿ.
ಅಂಚಿಗೆ ಪೆನ್ಸಿಲ್ಲಿನ ಗೆರೆ ಎಳೆದು ತಾರೀಕು ಬರೆಯಿರಿ.
ಗೆರೆ ದಾಟಿದರೆ ಪೈಪು ಒಡೆದಿದೆ,
ದಾಟದಿದ್ದರೆ ಸಮುದ್ರದ ಉಸಿರು, ಬರೀ ಆಗಸ್ಟು.
ನನ್ನ ಗೆರೆಗಳು ಏಳು.
ಒಳಗಿನ ಎರಡು ನನ್ನವಲ್ಲ.

ಸಿಂಕಿನ ಕೆಳಗಿನ ಕಪಾಟಿನಲ್ಲೂ
ಅದೇ ಪೆನ್ಸಿಲ್ಲು, ಮಲಯಾಳದಲ್ಲಿ.
ನಾಲ್ಕು ವರ್ಷ ಅದನ್ನು ಯಾರದೋ ಲೆಕ್ಕವೆಂದುಕೊಂಡಿದ್ದೆ.
ಕೊನೆಗೆ ಫೋಟೋ ತೆಗೆದು
ಕೋಲ್ಡ್ ಸ್ಟೋರಿನ ಕುಂಞಾಮು ಕಾಕನಿಗೆ ತೋರಿಸಿದರೆ
ಕನ್ನಡಕ ಏರಿಸಿ ಓದಿದರು:
'ಇದು ಸೋರುತ್ತದೆ. ಗಾಬರಿ ಬೇಡ.
ಅರ್ಧ ಸುತ್ತು ಹಿಂದೆ, ಆಮೇಲೆ ಮುಂದೆ.'
ಅಂದು ಸಂಜೆ ಹಾಗೇ ಮಾಡಿದೆ.
ನಿಂತಿತು.

ಅದಕ್ಕೇ ಇದನ್ನೆಲ್ಲ ಅದರ ಪಕ್ಕದಲ್ಲೇ ಬರೆದದ್ದು.
ನಿಮಗೆ ಕನ್ನಡ ಬರದಿದ್ದರೆ
ಇಸ್ತ್ರಿ ಅಂಗಡಿಯಲ್ಲಿ ಭಟ್ಕಳದ ಮುಝಮ್ಮಿಲ್ ಇದ್ದಾನೆ,
ಓದಿಸಿಕೊಳ್ಳಿ.
ಓದಲು ಬಾರದವರಿಗೆ ಈ ಮಾತು
ಹೇಗೆ ಮುಟ್ಟುತ್ತದೋ,
ಅದಕ್ಕೊಂದು ರಿಪೇರಿ ನನಗೆ ಹೊಳೆದಿಲ್ಲ.

ಕೊನೆಯದು. ರಜೆಗೆ ಊರಿಗೆ ಹೋಗುವಾಗ
ಬಚ್ಚಲ ಜಾಲರಿಯ ಕೆಳಗಿನ ನೀರು ಒಣಗುತ್ತದೆ,
ಒಣಗಿದ ದಾರಿಯಲ್ಲಿ ಜಿರಳೆ ಬರುತ್ತದೆ, ನಾತ ಬರುತ್ತದೆ.
ಬೀಗ ಹಾಕುವ ಮುನ್ನ ಒಂದು ಚೊಂಬು ನೀರು ಹೊಯ್ದು
ಮೇಲೆ ಎರಡು ಚಮಚ ಕೊಬ್ಬರಿ ಎಣ್ಣೆ ಬಿಡಿ.
ಎಣ್ಣೆ ಮುಚ್ಚಳವಾಗಿ ಕೂತರೆ
ನೀರು ಎದ್ದು ಹೋಗದು, ತಿಂಗಳುಗಟ್ಟಲೆ.

ಇವತ್ತು ಬೆಳಿಗ್ಗೆ ಬಿಟ್ಟಿದ್ದೇನೆ.
ತಿಪಟೂರಿನದು, ಡಬ್ಬಿಯ ತಳದಲ್ಲಿ ಉಳಿದಿದ್ದು.
ನೀವು ಬರುವುದು ಯಾವಾಗಲೋ.

— ಸರ್ವಮಂಗಳ