ಯಾವ ಮೀನಿಗೆ

ಮೀನುಗಾರಿಕೆ ನಿಷೇಧದ ಎರಡು ತಿಂಗಳು
ದಕ್ಕೆಯಲ್ಲಿ ನನಗೆ ಕೆಲಸ ಕಮ್ಮಿ.
ಬೋಟುಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು
ಹೊಳೆಯಲ್ಲಿ ಅಲ್ಲಾಡುತ್ತಿರುತ್ತವೆ,
ಹೊಟ್ಟೆಯೊಳಗಿನ ಎಂಜಿನು ತಣ್ಣಗೆ.
ಆಗ ಬಂದರು ಬೆಂದೂರಿನ ಹಲ್ಲಿನ ಡಾಕ್ಟ್ರು
ಜೆಸಿಂತಾ ಸಿಕ್ವೇರಾ,
ಟವೆಲಿನಲ್ಲಿ ಸುತ್ತಿದ ಮೋಟಾರು ಹಿಡಿದು,
ಕಿತ್ತ ಹಲ್ಲನ್ನು ಮನೆಯವರಿಗೆ ತೋರಿಸುವ ಹಾಗೆ.

"ಇದು ನಡುಗ್ತದೆ ಪುತ್ರನ್ರೇ.
ಪಿಟೀಲು ಎಳೆದು ನಿಲ್ಲಿಸಿದ ಕಡೆ
ಇದರ ನಡುಕ ಕೇಳ್ತದೆ ನನಗೆ."

ನನಗೆ ಕೇಳಲಿಲ್ಲ.
ಮೂವತ್ತೊಂದು ವರ್ಷ ಆರು ಸಿಲಿಂಡರಿನ ಪಕ್ಕ ಕೂತ ಕಿವಿ;
ಎಡದ್ದನ್ನು ಪೂರ್ತಿ ಸಮುದ್ರಕ್ಕೆ ಕೊಟ್ಟಾಗಿದೆ.
ಕರೆಂಟು ಕೊಟ್ಟು, ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ ಒತ್ತಿ
ಹಿಡಿಯನ್ನು ದವಡೆಯಲ್ಲಿ ಕಚ್ಚಿದೆ.
ಬೇರಿಂಗಿನ ಜಾತಕ ನಾವು ನೋಡುವುದು ಹೀಗೆಯೇ.
ಬಂತು ಆಗ ಹಲ್ಲಿನ ಬುಡಕ್ಕೆ,
ಸೊಳ್ಳೆಯಷ್ಟು, ಒಂದು ಗುಂಯ್.
"ಅಯ್ಯೋ, ಆ ಹಲ್ಲು ನಾನು ಕಟ್ಟಿದ್ದು,
ಅದರಲ್ಲಿ ಕಚ್ಚಬೇಡಿ ಮಾರಾಯ್ರೆ!"

ಹೊಸ ಮೋಟಾರು ಬಂತು, ಡೀಸಿ,
ಅದರ ವೇಗ ಕಾಯಲು ಬೇರೆಯೇ ಒಂದು ಪೆಟ್ಟಿಗೆ.
ಮೆಸ್ಕಾಂ ಏನೇ ಕಳಿಸಲಿ
ಅದು ತನ್ನ ಲೆಕ್ಕ ತಪ್ಪುವುದಿಲ್ಲವಂತೆ.
ತಟ್ಟೆಯಿಂದ ದೂರ, ಭಾರದ ಪೀಠದಲ್ಲಿ ಅದನ್ನು ಕೂರಿಸಬೇಕು.
ಮುರಿದ ಪ್ರೊಪೆಲ್ಲರಿನ ಗನ್‌ಮೆಟಲ್ ಬುಷ್ ಒಂದು
ಶೆಡ್ಡಿನ ಮೂಲೆಯಲ್ಲಿತ್ತು. ಅದೇ ಪೀಠವಾಯಿತು.
ರಾಟೆ ಕಡೆದದ್ದು ಹೊಯಿಗೆ ಬಜಾರಿನ ಉಮರಬ್ಬ,
ಮೂರು ಸಲ.
ಎರಡು ಸಲ ವಾಪಸು ಕೊಟ್ಟೆ:
ಕೂದಲೆಳೆಯ ಐದನೇ ಒಂದು ಪಾಲು
ಅಡ್ಡ ಓಡುತ್ತಿತ್ತು.
"ಬೋಟಿಗೆ ನೀನು ಇಷ್ಟು ನೋಡಿದ್ದುಂಟಾ?" ಅವನಿಗೆ ಸಿಟ್ಟು.
ಇಲ್ಲ. ನೋಡಿದ್ದಿಲ್ಲ.

ರಬ್ಬರ್ ಬೆಲ್ಟು ಹಿಗ್ಗುತ್ತದೆ, ಕುಗ್ಗುತ್ತದೆ.
ಡಾಕ್ಟ್ರು ತಂದದ್ದು ಹಲ್ಲಿನ ಸಂದಿ ತಿಕ್ಕುವ ನೂಲು,
ಕ್ಲಿನಿಕ್ಕಿನದ್ದೇ.
ತಟ್ಟೆಗೂ ರಾಟೆಗೂ ಸುತ್ತಿ ಗಂಟು ಹಾಕಿದೆ.
ಎರಡೂವರೆ ಸೆಕೆಂಡಿಗೊಮ್ಮೆ ಗಂಟು ರಾಟೆ ದಾಟುವಾಗ
ಅವರ ಎಡ ಹುಬ್ಬು ಹಾರುತ್ತಿತ್ತು.
ನಾನು ಹುಬ್ಬನ್ನೇ ನೋಡುತ್ತ ಕೂತೆ, ಅದೇ ನನ್ನ ಮೀಟರು.
ಏಳು ಗಂಟು ಬದಲಿಸಿದೆ.
ಏಳಕ್ಕೂ ಹಾರಿತು.

ಕಡೆಗೆ ಬೂದಣ್ಣನಲ್ಲಿಗೆ ಹೋದೆ.
ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದರು.
ನೂಲನ್ನು ಕಣ್ಣಿಗೆ ಹಿಡಿಯಲಿಲ್ಲ,
ತುಟಿಯ ಮೇಲೆ ಎಳೆದು ನೋಡಿದರು.
"ಪುದೀನ ಪರಿಮಳ ಉಂಟಲ್ಲ,
ಯಾವ ಮೀನಿಗೆ?"
ನಾನು ಹೇಳಲು ಹೊರಟೆ, ತಟ್ಟೆ, ಮುಳ್ಳು, ಪಿಟೀಲು,
ಎಲ್ಲಿಂದ ಶುರುಮಾಡುವುದು ಗೊತ್ತಾಗಲಿಲ್ಲ.
ಅಷ್ಟರಲ್ಲಿ ಅವರು ಎರಡೂ ತುದಿಯ ಎಳೆ ಬಿಚ್ಚಿ,
ಒಂದರೊಳಗೊಂದು ಹೆಣೆದು, ಉಗುಳು ಸವರಿ,
ನನ್ನ ಪೆನ್ನಿನ ಗುರುತಿಗೆ ಸರಿಯಾಗಿ ಎಳೆದುಬಿಟ್ಟಿದ್ದರು.
ಗಂಟು ಎಲ್ಲಿದೆಯೆಂದು ಬೆರಳಾಡಿಸಿದೆ.
ಎರಡು ಸುತ್ತು ಹುಡುಕಿದೆ.

ಆ ರಾತ್ರಿ ಬೆಂದೂರಿನಲ್ಲಿ
ಗೆರೆ ಎಳೆದ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು
ಸಣ್ಣ ದೀಪ ಹಿಡಿದರು ಡಾಕ್ಟ್ರು.
ತಟ್ಟೆ ಓಡುತ್ತಿತ್ತು, ಗೆರೆಗಳು ನಿಂತಿದ್ದವು,
ಮೊಳೆ ಹೊಡೆದ ಹಾಗೆ.
ಆಮೇಲೆ ರೆಕಾರ್ಡು.
ಪಿಟೀಲು ಎಳೆದು ನಿಲ್ಲಿಸಿದ ಜಾಗ ಬಂತು.
ಎರಡೂವರೆ ಸೆಕೆಂಡು.
ಇನ್ನೊಂದು ಎರಡೂವರೆ.
ಹುಬ್ಬು ಇದ್ದಲ್ಲೇ ಇತ್ತು.
ಸ್ಕ್ರೂಡ್ರೈವರು ಕಚ್ಚಿದೆ, ಇನ್ನೊಂದು ಬದಿಯ ಹಲ್ಲಿನಲ್ಲಿ.
ಏನೂ ಇಲ್ಲ.
ಒಮ್ಮೆ ಕಾರವಾರದ ಆಚೆ ನಡುರಾತ್ರಿ ಎಂಜಿನು ನಿಂತಾಗ
ಇಷ್ಟೇ ಏನೂ ಇಲ್ಲದ್ದನ್ನು ಕೇಳಿದ್ದೆ.
ಅವತ್ತು ಏಳೂ ಜನ ಉಸಿರು ಬಿಡದೆ ಕೂತಿದ್ದೆವು.
ಇಲ್ಲಿ ತಟ್ಟೆ ತಿರುಗುತ್ತಲೇ ಇತ್ತು.
ಡಾಕ್ಟ್ರು ನನ್ನ ಬಾಯಿಂದ ಸ್ಕ್ರೂಡ್ರೈವರು ತೆಗೆದು
ಮೇಜಿನ ಮೇಲಿಟ್ಟರು,
ಕೆಲಸ ಮುಗಿದ ರೋಗಿಯ ಬಾಯಿಂದ ತೆಗೆಯುವಂತೆ.

ಮರುದಿನ ಬೂದಣ್ಣ ಕೇಳಿದರು, "ಸಿಕ್ಕಿತಾ?"
"ಇಲ್ಲ, ಒಂದೂ ಸಿಗಲಿಲ್ಲ," ಅಂದೆ, ಖುಷಿಯಲ್ಲಿ.
ಪಾಪ, ಮುಖ ಸಣ್ಣದು ಮಾಡಿಕೊಂಡರು.
ಸೂಜಿ ಕೆಳಗಿಟ್ಟು, ಕೈ ಚಾಚಿ,
"ತಾ ಇಲ್ಲಿ," ಅಂದರು,
"ಇನ್ನೊಂದು ಹಾಕಿಕೊಡ್ತೇನೆ."