ಚೆಕ್ಕಿಂಗ್

ಕೊನೆಗಾಲದ ಆರೈಕೆ: ಫಾರ್ಮಿನಲ್ಲಿ ಇಪ್ಪತ್ತೆರಡು ಪ್ರಶ್ನೆ.
ಶುಚಿತ್ವ, ಊಟ, ಬೆಲ್ಲೊತ್ತಿದರೆ ಎಷ್ಟು ನಿಮಿಷಕ್ಕೆ ಬರುತ್ತಾರೆ.
"ಓದಬೇಡ ಮಾರಾಯ್ತಿ," ಎಂದಳು ವಾರಿಜ ಚಿಕ್ಕಮ್ಮ,
"ನಲವತ್ತು ವರ್ಷ ಬೀಡಿ ಕಟ್ಟಿದವಳು ನಾನು.
ಕಟ್ಟಿನ ಮೇಲೆ ಹೆಬ್ಬೆರಳೊತ್ತಿ ನೋಡುತ್ತಿದ್ದ ಚೆಕ್ಕರ್.
ಪ್ರಶ್ನೆ ಕೇಳಿದ್ದುಂಟಾ ಅವನು?"

ಕುಲಶೇಖರದ ಸುರಂಗಕ್ಕೆ ರೈಲು ನುಗ್ಗಿ
ಕಿಟಕಿ ಸಣ್ಣಗೆ ನಡುಗಿತು.

"ಮೊನ್ನೆ ರಾತ್ರಿ ಆ ಜೊವಿಟಾ ಹುಡುಗಿಯನ್ನು ಕೇಳಿದೆ,
ಇನ್ನೆಷ್ಟು ದಿನ ಅಂತ.
ದೇವರಿದ್ದಾನೆ ಅನ್ನಲಿಲ್ಲ.
ಡ್ರಿಪ್ಪಿನ ಕಡೆ ನೋಡಲಿಲ್ಲ.
ಸ್ಟೂಲು ಎಳೆದು
ಮೊದಲು ಕೂತಳು."

ಆಮೇಲೆ ಏನಂದಳು?
ಚಿಕ್ಕಮ್ಮ ಹೇಳಲಿಲ್ಲ.
ತಂಬಾಕಿನ ಹಳದಿ ಇನ್ನೂ ಬಿಡದ ಹೆಬ್ಬೆರಳನ್ನು
ನನ್ನ ಮಣಿಕಟ್ಟಿಗೆ ಒತ್ತಿ,
"ಪಾಸು," ಎಂದಳು.

"ಗಂಜಿ ಮಾತ್ರ ರಿಜೆಕ್ಟು. ಉಪ್ಪೇ ಇಲ್ಲ."